ತೆಪ್ಪದ ತುಂಬ ಹೊಂಗೆ ಸೊಪ್ಪು

ಶನಿವಾರ ಬೆಳಗ್ಗೆ ಆರೂವರೆಗೆ ಚಿಕ್ಕಬಸಮ್ಮ ತನ್ನ ಎರಡು ಮೇಕೆ ಹೊಡೆದುಕೊಂಡು ತಾವರೆಹುಂಡಿ ಕೆರೆ ಏರಿ ಹತ್ತಿದಾಗ ಕಲ್ಲು ಇರಲಿಲ್ಲ.

ಹಿಂದಿನ ಸಂಜೆ ಇತ್ತು. ಗಾರೆ ಕೆಲಸದ ಮದನ್ ಅದನ್ನು ಸಿಮೆಂಟು ಕಂಬಕ್ಕೆ ಕೂರಿಸಿದ್ದನ್ನು ಆಕೆ ಕಣ್ಣಾರೆ ನೋಡಿದ್ದಳು. ಎರಡಡಿ ಉದ್ದ, ಒಂದಡಿ ಅಗಲದ ನುಣುಪು ಕರಿಕಲ್ಲು. ಮೇಲೆ ಬಂಗಾರ ಬಣ್ಣದ ಅಕ್ಷರ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಆಕೆ. ಆದರೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ್ದಳು. ಚಿಕ್ಕ ವಯಸ್ಸಿನಲ್ಲಿ ಪ್ರಾಣದ ಹಂಗು ತೊರೆದು ಈ ಕೆರೆಯಲ್ಲಿ ಇಬ್ಬರು ಮಕ್ಕಳನ್ನು ಉಳಿಸಿದ ಶ್ರೀ ತಿಮ್ಮಯ್ಯನವರ ಗೌರವಾರ್ಥ ಅಂತ ಕೊರೆದಿತ್ತು.

ಆ ಇಬ್ಬರು ಮಕ್ಕಳಲ್ಲಿ ಆಕೆಯೂ ಒಬ್ಬಳು. ಇನ್ನೊಬ್ಬ ನಂಜೇಶ. ಅವನು ಕಾಯಿಲೆ ಬಿದ್ದು ಸತ್ತು ಹತ್ತು ವರ್ಷವಾಯಿತು. ಭಾನುವಾರ ಕೆರೆಯಲ್ಲಿ ತೆಪ್ಪದ ಸವಾರಿ ಶುರುವಾಗಬೇಕಿತ್ತು. ಆ ಸಮಾರಂಭದಲ್ಲಿ ತಿಮ್ಮಯ್ಯನ ಕೊರಳಿಗೆ ಹಾರ ಹಾಕಬೇಕಾದವಳು ಆಕೆಯೇ. ಪಂಚಾಯ್ತಿಯವರು ಕೇಳಿದಾಗ ಹೂಂ ಅಂದಿದ್ದಳು.

ಈಗ ಕಂಬದ ನೆತ್ತಿಯಲ್ಲಿ ಒಂದು ಗುಂಡಿ. ಸುತ್ತ ಅರೆಬರೆ ಆರಿದ ಸಿಮೆಂಟು.

ಕೆಳಗೆ ನೀರಂಚಿನಲ್ಲಿ ಪಂಚಾಯ್ತಿಯ ಮೂರು ತೆಪ್ಪಗಳಿದ್ದವು. ಬಿದಿರಿನ ದೊಡ್ಡ ಗುಂಡು ಬುಟ್ಟಿಗೆ ಹೊರಗಿನಿಂದ ದಪ್ಪ ಪ್ಲಾಸ್ಟಿಕ್ ಹೊದಿಸಿ ಟಾರು ಬಳಿದಂಥವು. ಎರಡು ಬೋರಲಾಗಿದ್ದವು. ಮೂರನೆಯದು ಅಂಗಾತ ಬಿದ್ದಿತ್ತು. ಆಕೆ ಬಗ್ಗಿ ನೋಡಿದಳು. ಒಳಗೆ ಅರ್ಧ ಭಾಗಕ್ಕೆ ಹೊಂಗೆ ಸೊಪ್ಪು ಹಾಸಿತ್ತು. ತೊಟ್ಟೆಲ್ಲ ಅಂಚಿನ ಕಡೆಗೆ, ಕುಡಿಯೆಲ್ಲ ನಡುವಿಗೆ. ಸೊಪ್ಪಿನ ಮೇಲೆ ಎರಡು ಮೊಣಕಾಲು ಊರಿದ ಗುಳಿ. ಮಿಕ್ಕ ಅರ್ಧ ಬರಿದು. ಅಲ್ಲಿ ಬಿದಿರಿಗೆ ಹಸಿ ಸಿಮೆಂಟು ಮೆತ್ತಿತ್ತು.

ಆಕೆ ಬಹಳ ಹೊತ್ತು ಆ ಸೊಪ್ಪನ್ನೇ ನೋಡುತ್ತ ನಿಂತಳು. ಆಮೇಲೆ ಊರಿಗೆ ಸುದ್ದಿ ಹೇಳಲು ಹೊರಟಳು.

* * *

ಒಂಬತ್ತಕ್ಕೆ ನಂಜನಗೂಡಿನಿಂದ ಜೀಪು ಬಂತು. ಇಳಿದವಳು ಎಸ್‌ಐ ವನಜಾಕ್ಷಿ. ಜೊತೆಗೊಬ್ಬ ಪೇದೆ.

"ಮೊದಲು ನೋಡಿದ್ದು ನೀವೇನಮ್ಮ?"

"ಊಂ ಕಣವ್ವ, ನಾನೇಯ."

"ಇಲ್ಲಿ ಯಾರಾದ್ರೂ ಕಂಡ್ರಾ?"

"ಕೊಕ್ಕರೆ ಬುಟ್ರೆ ಯಾರೂ ಇರ್ನಿಲ್ಲ."

ಪಂಚಾಯ್ತಿ ಅಧ್ಯಕ್ಷ ಕೃಷ್ಣಕುಮಾರ್ ಮುಂದೆ ಬಂದ. ತಿಮ್ಮಯ್ಯನ ಮಗ. ಕಲ್ಲು ಮಾಡಿಸಿದವನೂ ಅವನೇ. "ಮೇಡಂ, ಇದರಲ್ಲಿ ಹುಡುಕೋದೇನೂ ಇಲ್ಲ. ನಿನ್ನೆ ಹತ್ತು ಜನರ ಮುಂದೆ ಇವನು ಅಂದ, ಈ ಕಲ್ಲು ಸುಳ್ಳು ಹೇಳ್ತದೆ ಅಂತ."

ಇವನು ಎಂದರೆ ತೆಪ್ಪ ನಡೆಸಲು ಪಂಚಾಯ್ತಿ ಕರೆಸಿಕೊಂಡಿದ್ದ ಶಿವಮೂರ್ತಿ. ಇಪ್ಪತ್ತನಾಲ್ಕರ ಹುಡುಗ. ಟಿ. ನರಸೀಪುರದ ಹೊಳೆಯಲ್ಲಿ ಹುಟ್ಟು ಹಾಕಿ ಬೆಳೆದವನು. ಅವನ ತಾತ ಹುಚ್ಚಯ್ಯ ಇದೇ ಊರಿನವನು, ಇದೇ ಕೆರೆಯ ತೆಪ್ಪದವನು.

"ಅಂದಿದ್ದು ನಿಜ ಮೇಡಂ," ಎಂದ ಶಿವಮೂರ್ತಿ. "ಆ ಮಕ್ಕಳನ್ನ ಉಳಿಸಿದ್ದು ನಮ್ಮ ತಾತ ಅಂತ ನಮ್ಮಜ್ಜಿ ಹೇಳ್ತಾಳೆ. ಅದಕ್ಕೆ ಅಂದೆ. ಕಲ್ಲು ಮುಟ್ಟಿಲ್ಲ."

"ನಿಮ್ಮ ತಾತ ಕುಡಿದು ಮಕ್ಕಳನ್ನ ನೀರಿಗೆ ಬೀಳಿಸಿದ ಅಂತ ಇಡೀ ಊರೇ ಹೇಳ್ತದೆ," ಎಂದ ಕೃಷ್ಣಕುಮಾರ್. "ಪಾಪ ಅಂತ ಕೆಲಸ ಕೊಟ್ಟಿದ್ದಕ್ಕೆ ಇದಾ?"

ವನಜಾಕ್ಷಿ ತೆಪ್ಪಕ್ಕೆ ಬಿಗಿದಿದ್ದ ಸರಪಳಿ ಎತ್ತಿ ನೋಡಿದಳು. "ತೆಪ್ಪದ ಬೀಗ ಒಡೆದಿಲ್ಲ. ಬೀಗದ ಕೈ ಯಾರ ಹತ್ರ?"

"ಒಂದು ಇವನ ಹತ್ರ. ಇನ್ನೊಂದು ನಮ್ಮನೆ ಗೋಡೆ ಮೊಳೇಲಿ. ಈಗಲೂ ಅಲ್ಲೇ ಇದೆ, ಬಂದು ನೋಡಿ."

"ಈ ಸೊಪ್ಪು?"

ಪೇದೆ ತಾನೇ ಉತ್ತರ ಕೊಟ್ಟ. "ಕಲ್ಲು ಉಜ್ಜಿ ತೆಪ್ಪ ತೂತಾಗದೆ ಇರ್ಲಿ ಅಂತ ಹಾಸವ್ನೆ ಮೇಡಂ. ನಾಳೆಯಿಂದ ನಡೆಸೋ ತೆಪ್ಪ ಅಲ್ವಾ, ಜೋಪಾನ."

ಚಿಕ್ಕಬಸಮ್ಮ ತೆಪ್ಪದಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಮೇಡಂ," ಎಂದ ಶಿವಮೂರ್ತಿ ಮೆಲ್ಲಗೆ. "ಫೈರ್ ಸರ್ವೀಸ್‌ಗೆ ಸೆಲೆಕ್ಟ್ ಆಗಿದ್ದೀನಿ. ಮುಂದಿನ ವಾರ ಪೊಲೀಸ್ ವೆರಿಫಿಕೇಶನ್. ಈಗ ಕೇಸ್ ಬಿದ್ರೆ ಮುಗೀತು."

"ಸಂಜೆ ಐದರ ತನಕ ಬರೀ ವಿಚಾರಣೆ," ಎಂದಳು ವನಜಾಕ್ಷಿ. "ಅಷ್ಟರಲ್ಲಿ ಬೇರೆ ಏನೂ ಸಿಗದಿದ್ರೆ ಎಫ್‌ಐಆರ್. ಜೀಪು ಹತ್ತು."

* * *

ಬೇರೆಯವರ ಮೇಲೆ ಅನುಮಾನ ಇರಲಿಲ್ಲ ಅಂತಲ್ಲ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಸೋತ ರಘು ತನ್ನ ಅಪ್ಪನ ಹೆಸರಿಗೆ ಕಲ್ಲು ಹಾಕಿಸಬೇಕು ಅಂತ ತಿಂಗಳಿಂದ ಜಗಳ ತೆಗೆದಿದ್ದ. ಪೇದೆ ಫೋನು ಮಾಡಿದ. ರಘು ಶುಕ್ರವಾರ ಮಧ್ಯಾಹ್ನದಿಂದ ಮೈಸೂರಿನ ಆಸ್ಪತ್ರೆಯಲ್ಲಿದ್ದ. ಹೆಂಡತಿಗೆ ಬೆಳಗಿನ ಜಾವ ಹೆರಿಗೆಯಾಗಿತ್ತು. ಕಲ್ಲಿನ ಮಾತೆತ್ತಿದರೆ ಅವನು ಮಗುವಿನ ಫೋಟೋ ಕಳಿಸಿದ. ಆ ದಾರಿ ಅಲ್ಲಿಗೆ ಮುಚ್ಚಿತು.

ಮದನ್ ಕಂಬದ ಗುಂಡಿಗೆ ಬೆರಳಾಡಿಸಿ ಹೇಳಿದ ಮಾತು ಮಾತ್ರ ಚಿಕ್ಕಬಸಮ್ಮನ ಕಿವಿಯಲ್ಲಿ ಉಳಿಯಿತು. "ಸಿಟ್ಟಿಗೆ ಕಿತ್ತೋನು ಸುತ್ತಿಗೇಲಿ ಒಡೀತಾನೆ ಕಣಜ್ಜಿ. ಇಲ್ಲಿ ಒಂದು ಚೂರೂ ಉದುರಿಲ್ಲ. ಮಲಗಿರೋ ಮಗೀನ ಎತ್ಕಂಡಂಗೆ ಎತ್ತವ್ನೆ."

ಆಕೆ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ಒಲೆ ಹಚ್ಚಲಿಲ್ಲ.

ಅರವತ್ತು ವರ್ಷದ ಹಿಂದೆ ಈ ಕೆರೆಗೆ ಇದ್ದದ್ದು ಒಂದೇ ತೆಪ್ಪ, ಹುಚ್ಚಯ್ಯನದು. ಕೋಣದ ತೊಗಲು ಹೊದಿಸಿದ್ದು. ಹನ್ನೆರಡರ ತಿಮ್ಮಯ್ಯ, ಒಂಬತ್ತರ ಚಿಕ್ಕಬಸಮ್ಮ, ಆರು ವರ್ಷದ ನಂಜೇಶ, ಈ ಮೂವರೂ ಶಾಲೆ ತಪ್ಪಿಸಿ ಏರಿಗೆ ಓಡುತ್ತಿದ್ದರು. ಮೊದಲು ಹೊಂಗೆ ಕೊಂಬೆ ಮುರಿಯುವುದು. ಆಮೇಲೆ ತೆಪ್ಪ. ಹುಚ್ಚಯ್ಯ ಮೀನಿನ ಬಲೆ ಬದಿಗೆ ಸರಿಸಿ ಜಾಗ ಮಾಡಿಕೊಡುತ್ತಿದ್ದ. ಕೆರೆ ನಡುವೆ ಹೋಗಿ ಹುಟ್ಟನ್ನು ಒಂದೇ ಕಡೆ ಎಳೆದನೆಂದರೆ ತೆಪ್ಪ ಬುಗುರಿಯ ಹಾಗೆ ತಿರುಗುತ್ತಿತ್ತು. ಏರಿ, ಕೋಡಿ, ಬೆಟ್ಟ, ದೇವಸ್ಥಾನದ ಗೋಪುರ ಒಂದರ ಹಿಂದೊಂದು ಓಡುತ್ತಿದ್ದವು. ನಂಜೇಶ ನಕ್ಕು ನಕ್ಕು ಬಿಕ್ಕಳಿಸುತ್ತಿದ್ದ. ಇನ್ನೊಂದು ಸುತ್ತು ಹುಚ್ಚ ಅಂತ ಮೂವರೂ ಕೂಗುವುದು. ಅಪ್ಪನ ವಯಸ್ಸಿನವನನ್ನು ಏಕವಚನದಲ್ಲೇ. ಅವನು ಇನ್ನೊಂದು ಸುತ್ತು ಹಾಕುತ್ತಿದ್ದ. ತಿಮ್ಮಯ್ಯನಿಗೆ ಹುಟ್ಟು ಹಿಡಿಯುವುದನ್ನು ಕಲಿಸಿದವನೂ ಅವನೇ. ಮೊಣಕಾಲೂರಿ ಕೂತುಕೋ, ನೀರನ್ನು ನಿನ್ನ ಕಡೆಗೆ ಬಾ ಅಂತ ಕರಿ ಅನ್ನುತ್ತಿದ್ದ.

ಅಷ್ಟು ಸಂತೋಷ ಆಕೆ ಮುಂದೆ ಎಲ್ಲೂ ಕಾಣಲಿಲ್ಲ. ಆದರೂ ಮಕ್ಕಳು ಮೊಮ್ಮಕ್ಕಳಿಗೆ ಆ ಕಥೆ ಒಮ್ಮೆಯೂ ಹೇಳಿದವಳಲ್ಲ. ಹೇಳಹೊರಟರೆ ಕೊನೆಯ ದಿನವನ್ನೂ ಹೇಳಬೇಕಿತ್ತು.

ಆಕೆ ಎದ್ದು ತಿಮ್ಮಯ್ಯನ ಮನೆಗೆ ನಡೆದಳು.

* * *

ತಿಮ್ಮಯ್ಯ ಕಂಬಳಿ ಹೊದ್ದು ಮಲಗಿದ್ದ. ಹಣೆ ತಣ್ಣಗಿತ್ತು.

"ಜರ ಬಂದಂಗದೆ ಬಸಮ್ಮಿ."

"ಯಾವಾಗ್ಲಿಂದ ತಿಮ್ಮಣ್ಣ?"

"ಬೆಳಗಿಂದ."

"ಕಲ್ಲು ಓಯ್ತಲ್ಲ."

"ಓದ್ರೆ ಓಗ್ಲಿ ಬುಡು. ನಾನು ಬ್ಯಾಡ ಅಂತ್ಲೇ ಬಡ್ಕಂಡಿದ್ದೆ. ಅಪ್ಪನಿಗೆ ಸಂಕೋಚ ಅನ್ಕಂಡು ಮಗ ಮಾಡುಸ್ದ."

ಬಾಗಿಲ ಪಕ್ಕದ ಮೊಳೆಯಲ್ಲಿ ತೆಪ್ಪದ ಬೀಗದ ಕೈ ತೂಗುತ್ತಿತ್ತು. ಚಿಕ್ಕಬಸಮ್ಮ ಅದನ್ನು ನೋಡಿದಳು. ಅವನೂ ನೋಡಿದ.

"ಉಚ್ಚಯ್ಯನ ಮೊಮ್ಮಗನ್ನ ಸ್ಟೇಷನ್ನಿಗೆ ಕರ್ಕಂಡೋದ್ರು."

"ಒಂದೆರಡು ದಿನ ಇಟ್ಕಂಡು ಬುಟ್ಬುಡ್ತಾರೆ."

"ಗೌರ್ಮೆಂಟ್ ಕೆಲ್ಸ ಸಿಕ್ತಂತೆ. ಕೇಸಾದ್ರೆ ಓಯ್ತದಂತೆ."

ತಿಮ್ಮಯ್ಯ ಗೋಡೆಗೆ ಮುಖ ತಿರುಗಿಸಿದ. "ತಲೆ ಸುತ್ತುತದೆ. ಆಮೇಲ್ ಬಾ."

"ಐದು ಗಂಟೆ ಗಂಟ ಟೇಮ್ ಅದೆ ತಿಮ್ಮಣ್ಣ."

ಅವನು ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡ. ಆಕೆ ಎದ್ದು ನಂಜನಗೂಡಿನ ಬಸ್ಸಿಗೆ ಹೊರಟಳು.

* * *

ನಂಜನಗೂಡಿನ ಸ್ಟೇಷನ್ನಿನ ಮುಂದಿನ ಬೆಂಚಿನಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ನೆಟ್ಟಗೆ ಕೂತಿದ್ದಳು. ಅರವತ್ತು ವರ್ಷವಾಗಿದ್ದರೂ ಆ ಕೂರುವ ಠೀವಿಯಿಂದಲೇ ಚಿಕ್ಕಬಸಮ್ಮನಿಗೆ ಗುರುತು ಸಿಕ್ಕಿತು. ಹುಚ್ಚಯ್ಯನ ಹೆಂಡತಿ ಗೋವಿಂದಮ್ಮ. ಮೊಮ್ಮಗನ ಸುದ್ದಿ ಕೇಳಿ ನರಸೀಪುರದಿಂದ ಬಸ್ಸು ಹತ್ತಿ ಬಂದಿದ್ದಳು.

"ಯಾರವ್ವ?"

"ನಾನು ಕಣಕ್ಕ. ತಾವರೆಉಂಡಿ ಚಿಕ್ಕಬಸಮ್ಮ."

ಗೋವಿಂದಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ. ಕಲ್ಲಲ್ಲಿ ಬರ್ಸಿದ್ರಂತಲ್ಲ, ಬದುಕುಳಿದ ಮಗಾ. ಚೆಂದಾಗೇ ಬದುಕಿದ್ದೀಯ."

ಚಿಕ್ಕಬಸಮ್ಮ ಪಕ್ಕದಲ್ಲಿ ಕೂರಲಿಲ್ಲ. ಒಳಗೆ ಹೋದಳು. ಗಡಿಯಾರದಲ್ಲಿ ಮೂರು.

"ಕಲ್ಲು ಎಲ್ಲದೆ ಅಂತ ತೋರುಸ್ತೀನಿ ಕಣವ್ವ," ಎಂದಳು ವನಜಾಕ್ಷಿಗೆ. "ಸಿಕ್ಕುದ್ರೆ ನನ್ನ ಮಾತು ಪೂರ್ತಿ ಕೇಳ್ಬೇಕು. ಊರೋರೂ ಇರ್ಬೇಕು. ತಿಮ್ಮಣ್ಣನೂ ಇರ್ಬೇಕು."

ವನಜಾಕ್ಷಿ ಪೆನ್ನು ಕೆಳಗಿಟ್ಟಳು. "ನಿಮಗೆ ಹೇಗೆ ಗೊತ್ತು?"

"ಅದುನ್ನೂ ಅಲ್ಲೇ ಯೋಳ್ತೀನಿ. ಎರಡು ಸಲ ಯೋಳೋ ಶಕ್ತಿ ನಂಗಿಲ್ಲ."

* * *

ನಾಲ್ಕು ಗಂಟೆಗೆ ಏರಿಯ ಮೇಲೆ ಅರ್ಧ ಊರು ನಿಂತಿತ್ತು. ತಿಮ್ಮಯ್ಯ ಮಗನ ಪಕ್ಕದಲ್ಲಿ ಕೋಲೂರಿ ನಿಂತಿದ್ದ. ಗೋವಿಂದಮ್ಮ ಜೀಪಿನ ನೆರಳಲ್ಲಿ ಕೂತಿದ್ದಳು.

ತೆಪ್ಪದಲ್ಲಿ ಮೂವರು. ಶಿವಮೂರ್ತಿ ಹುಟ್ಟು ಹಾಕಿದ. ವನಜಾಕ್ಷಿ ಅಂಚು ಹಿಡಿದುಕೊಂಡಳು. ಚಿಕ್ಕಬಸಮ್ಮ ಬರಿಯ ಬಿದಿರಿನ ಮೇಲೆ ಕೂತಳು. ಅರವತ್ತು ವರ್ಷದ ಮೇಲೆ ಮೊದಲ ಸಲ.

"ಎತ್ಲಾಗೆ ಅಜ್ಜಿ?"

"ತೂಬಿನ ಎದುರಿಗೆ ಮಗ. ಜೋಡಿ ಬಂಡೆ ತಾವ."

ನೀರಿನಿಂದ ಮೊಣಕಾಲೆತ್ತರ ಎದ್ದಿದ್ದ ಎರಡು ಬಂಡೆಗಳ ನಡುವೆ ಆಕೆ ಕೈ ತೋರಿದಳು. ಶಿವಮೂರ್ತಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದ. ಮೊದಲ ಸಲ ಬರಿಗೈ. ಎರಡನೇ ಸಲ ಎದ್ದಾಗ ಕಲ್ಲು ಎದೆಗೊತ್ತಿಕೊಂಡಿದ್ದ. ಒಂದು ಮುಕ್ಕೂ ಇರಲಿಲ್ಲ.

ದಡ ಮುಟ್ಟುವ ಮೊದಲೇ ಕೃಷ್ಣಕುಮಾರ್ ಶುರು ಮಾಡಿದ. "ನೋಡಿದ್ರಾ ಮೇಡಂ? ಮುಳುಗಿದ, ಎತ್ಕೊಂಡ. ಹಾಕಿದೋನಿಗೆ ತಾನೆ ಜಾಗ ಗೊತ್ತಿರೋದು?"

"ಜಾಗ ತೋರಿಸಿದ್ದು ಅವನಲ್ಲ, ಈ ಅಜ್ಜಿ," ಎಂದಳು ವನಜಾಕ್ಷಿ. "ಹೇಳಿ ಅಮ್ಮ. ಕಿತ್ತದ್ದು ಇವನಲ್ಲ ಅಂತ ಹೇಗೆ ಹೇಳ್ತೀರ?"

ಚಿಕ್ಕಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ದನಿ ಸಣ್ಣಗಿತ್ತು. ಕೇಳಲು ಜನ ಹತ್ತಿರ ಸರಿದರು.

"ಸೊಪ್ಪಿನಿಂದ. ಪೊಲೀಸಪ್ಪ ಕಲ್ಲಿಗೆ ಹಾಸವ್ನೆ ಅಂದ. ಕಲ್ಲು ಮಡಗಿದ್ದ ಕಡೆ ಸಿಮೆಂಟು ಬಿದಿರಿಗೇ ಮೆತ್ತದೆ, ಅಲ್ಲಿ ಒಂದು ಎಲೆನೂ ಇಲ್ಲ. ಸೊಪ್ಪಿದ್ದದ್ದು ಆಳು ಕೂತ ಕಡೆ. ಮೊಣಕಾಲ್ ಗುಳಿ ಅದೆ. ಕಲ್ಲಿಗಲ್ಲ ಕಣವ್ವ, ತನಗೆ ಹಾಸ್ಕಂಡವ್ನೆ."

"ಕೂರೋಕೆ ಸೊಪ್ಪು ಯಾಕೆ?"

"ಈಗ ಯಾರೂ ಹಾಸಲ್ಲ. ಆವಾಗ ತೊಗಲು ತೆಪ್ಪ. ಬಿದಿರು ಸಂದೀಲಿ ತೊಗಲು ಮೈಗೆ ತಾಗ್ತದೆ. ಮೇಲಾಗಿ ಅದು ಉಚ್ಚಯ್ಯ ಕೂತೆದ್ದ ಜಾಗ, ಮುಟ್ಟಿದ್ರೆ ಮೈಲಿಗೆ ಅನ್ನೋರು. ನಮ್ಮ ಕೇರಿ ಮಕ್ಕಳು ಸೊಪ್ಪು ಹಾಸ್ಕಂಡೇ ಕೂರ್ಬೇಕು ಅಂತ ಮನೇಲಿ ಅಪ್ಪಣೆ. ತೊಟ್ಟು ಚುಚ್ಚದಂಗೆ ಕುಡಿ ಒಳಕ್ಕೆ ಮಾಡಿ ಹಾಸೋದು. ಇಳಿದ್ಮೇಲೆ ಅದುನ್ನ ಗುಡ್ಸೋನು ಉಚ್ಚಯ್ಯ." ಆಕೆ ಗೋವಿಂದಮ್ಮನ ಕಡೆ ನೋಡಲಿಲ್ಲ. "ಈ ಹುಡುಗ ಯಾಕೆ ಹಾಸ್ತಾನೆ? ಅವ್ನಿಗೆ ಅಂಥದ್ದೊಂದು ಇತ್ತು ಅಂತ್ಲೇ ಗೊತ್ತಿಲ್ಲ. ಹಾಸಿದೋನು ನಮ್ಮ ಕೇರಿಯೋನು, ತೊಗಲು ತೆಪ್ಪದಲ್ಲಿ ಹುಟ್ಟು ಹಾಕೋದ್ನ ಕಲ್ತೋನು. ನಂಗೆ ಕಲಿಸ್ನಿಲ್ಲ, ನಂಜೇಶ ಸತ್ತೋದ. ಇರೋನು ಒಬ್ನೇ."

ಒಬ್ಬೊಬ್ಬರಾಗಿ ಎಲ್ಲರೂ ತಿಮ್ಮಯ್ಯನ ಕಡೆ ತಿರುಗಿದರು.

"ಬೀಗದ ಕೈ ಅವ್ರ ಮನೆ ಮೊಳೇಲೇ ಅದೆ, ತಕ್ಕಂಡು ಮತ್ತೆ ಮಡಗಕೆ ಎಷ್ಟೊತ್ತು? ಬಚ್ಚಿಡೋ ಕಳ್ಳ ಆದ್ರೆ ದಡದ ಗುಂಡೀಲೇ ಎಸೀತಿದ್ದ. ಇವ್ನು ಜೋಡಿ ಬಂಡೆ ಗಂಟ ಓಗಿ, ಮುಕ್ಕಾಗದಂಗೆ ಇಳಿಬುಟ್ಟವ್ನೆ. ನಾವು ಬಿದ್ದ ಜಾಗ ಅದು."

"ಅಜ್ಜಿ, ನಮ್ಮಪ್ಪನ ಕಲ್ಲು ನಮ್ಮಪ್ಪನೇ ಯಾಕೆ ಕೀಳ್ತಾರೆ?" ಕೃಷ್ಣಕುಮಾರನ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

"ಕಲ್ಲು ಸುಳ್ಳು ಯೋಳ್ತದೆ ಅಂತ ನಿಮ್ಮಪ್ಪನಿಗೂ ಗೊತ್ತಿತ್ತು ಕಣಪ್ಪ."

ಆಕೆ ಹೇಳಿದಳು. ಅರವತ್ತು ವರ್ಷ ಬಾಯೊಳಗೆ ಕಟ್ಟಿಟ್ಟದ್ದನ್ನು ಹೇಳಲು ಐದು ನಿಮಿಷ ಸಾಕಾಯಿತು. ಅವತ್ತು ಹುಚ್ಚಯ್ಯ ಉಣ್ಣಲು ಹೋಗಿದ್ದ. ತೆಪ್ಪ ಬಿಚ್ಚಿದವನು ತಿಮ್ಮಯ್ಯ. ಬಂಡೆಗಳ ಹತ್ತಿರ ಎದ್ದು ನಿಂತು ಸುತ್ತಿಸಲು ಹೋದ. ತೆಪ್ಪ ವಾಲಿತು. ನಂಜೇಶ ಬಿದ್ದ, ಹಿಂದೆಯೇ ಆಕೆ ಬಿದ್ದಳು. ತಿಮ್ಮಯ್ಯ ಅಂಚು ಹಿಡಿದು ಕಿರುಚಿದ. ತುತ್ತು ಬಿಟ್ಟು ಈಜಿ ಬಂದವನು ಹುಚ್ಚಯ್ಯ. ಒಬ್ಬನನ್ನು ಹೆಗಲ ಮೇಲೆ, ಒಬ್ಬಳನ್ನು ಕೂದಲು ಹಿಡಿದು ತಂದ. ದಡ ಸೇರಿದ ಮೇಲೆ ತಿಮ್ಮಯ್ಯನ ಅಪ್ಪ ಬಾರುಕೋಲು ಹಿಡಿದು ಓಡಿ ಬಂದ. ಹೊಡೆತಕ್ಕೆ ಹೆದರಿ ತಿಮ್ಮಯ್ಯ, ಹುಚ್ಚಯ್ಯನೇ ಕರೆದುಕೊಂಡು ಹೋದ, ಕುಡಿದಿದ್ದ, ಇಬ್ಬರನ್ನೂ ನೀರಿಂದ ಎಳೆದದ್ದು ನಾನೇ ಅಂದ.

"ಆಮೇಲೆ ದೊಡ್ಡೋರೆಲ್ಲ ನನ್ನ ಕೇಳುದ್ರು, ಔದೇನಮ್ಮಿ ಅಂತ. ಇಲ್ಲ ಅಂದ್ರೆ ಉಚ್ಚಯ್ಯ ನನ್ನ ಮುಟ್ಟಿ ಎಳ್ಕಂಡು ಬಂದ ಅಂತ ಯೋಳ್ಬೇಕು. ಮನೆಗೆ ಸೇರ್ಸಲ್ಲ ಅಂತ ಭಯ. ಅವ್ರಿಗೂ ಅದು ಕೇಳೋದು ಬೇಕಾಗಿರ್ನಿಲ್ಲ. ನಾನು ತಲೆ ಆಡುಸ್ದೆ. ಅವತ್ತು ಸಂಜೆ ತೆಪ್ಪ ಸುಟ್ರು. ಉಚ್ಚಯ್ಯನೂ ಗೋವಿಂದಕ್ಕನೂ ಗಂಟು ಹೊತ್ಕಂಡು ಊರು ಬುಟ್ರು. ಕಲ್ಲು ಕಿತ್ತೋನು ತಿಮ್ಮಣ್ಣ. ಕಲ್ಲಲ್ಲಿರೋ ಸುಳ್ಳಿಗೆ ಸಾಕ್ಷಿ ನಾನು. ಎರಡನ್ನೂ ಬರ್ಕಳವ್ವ."

ತಿಮ್ಮಯ್ಯ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದ.

"ಸೊಪ್ಪು ಹಾಸಿದ್ದು ನಂಗೇ ಗೊತ್ತಿಲ್ಲ ಬಸಮ್ಮಿ," ಎಂದ. "ಕೈ ತಾನಾಗೇ ಕೊಂಬೆ ಮುರೀತು."

"ಅಪ್ಪ," ಎಂದ ಕೃಷ್ಣಕುಮಾರ್.

"ನಿನ್ನ ಮುಂದೆ ಹೆಂಗೆ ಯೋಳ್ಲಿ? ನೀನು ಸ್ಕೂಲಲ್ಲಿ ಅದುನ್ನೇ ಪ್ರಬಂಧ ಬರ್ದಿದ್ದೆ. ಕಲ್ಲು ನೀರಿಗಾಕುದ್ರೆ ಮುಗೀತದೆ ಅಂದ್ಕಂಡೆ. ಈ ಹುಡುಗನ್ನ ಹಿಡೀತಾರೆ ಅಂತ ಹೊಳೀಲಿಲ್ಲ. ಹಿಡಿದ್ಮೇಲೆ..." ಅವನು ನಿಲ್ಲಿಸಿದ. "ಹಿಡಿದ್ಮೇಲೆ ಮಲಗ್ಬುಟ್ಟೆ."

ಕೃಷ್ಣಕುಮಾರ್ ಅಪ್ಪನಿಂದ ಒಂದು ಹೆಜ್ಜೆ ಆಚೆ ಸರಿದ. "ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ."

"ವಾಪಸ್ ತಗೊಂಡ್ರೆ ಸಾಲದು. ಹುಡುಗನದ್ದು ಏನೂ ತಪ್ಪಿಲ್ಲ ಅಂತ ಬರೆದುಕೊಡಿ. ನಿಮ್ಮ ತಂದೆಯವರ ಸಹಿ, ಈ ಅಮ್ಮನ ಸಹಿ ಎರಡೂ ಬೇಕು."

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಚಿಕ್ಕಬಸಮ್ಮ ಒಂದೊಂದೇ ಅಕ್ಷರ ಬರೆದಳು.

* * *

ನಂಜನಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಿವಮೂರ್ತಿ ಒದ್ದೆ ಬಟ್ಟೆ ಹಿಂಡುತ್ತಿದ್ದ. ಚಿಕ್ಕಬಸಮ್ಮ ಗೋವಿಂದಮ್ಮನ ಮುಂದೆ ನಿಂತಳು. ಕೈ ಮುಗಿಯಲು ಎತ್ತಿದ ಕೈಯನ್ನು ಗೋವಿಂದಮ್ಮನೇ ತಡೆದಳು.

"ಒಂಬತ್ತು ವರ್ಷದ ಮಗಾ ತಲೆ ಆಡ್ಸುದ್ದನ್ನ ನಾನು ಮನಸ್ಸಲ್ಲಿ ಮಡಿಕಂಡಿಲ್ಲ. ಮಕ್ಕಳು ಕಣೆ, ಎದರ್ಕಂಡೋ ಅಂತ ನಮ್ಮನೆಯವ್ರು ಸಾಯೋಗಂಟ ಅಂತಿದ್ರು. ಅವ್ರು ಸಾಯೋವಾಗ ನಿಂಗೆ ನಲವತ್ತು ದಾಟಿತ್ತು. ನಿನ್ನ ಮಕ್ಕಳಿಗೇ ಮದುವೆ ಆಗಿತ್ತು. ಇಲ್ಲಿಂದ ನರಸೀಪುರ ಎಷ್ಟು ದೂರ?"

ಚಿಕ್ಕಬಸಮ್ಮನ ಕಣ್ಣು ನೆಲದಲ್ಲಿತ್ತು. "ಧೈರ್ಯ ಬರ್ನಿಲ್ಲ ಕಣಕ್ಕ."

"ಧೈರ್ಯದ ಮಾತಲ್ಲ." ಗೋವಿಂದಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿಂಗೆ ಬೇಕಾಗಿರ್ನಿ‌ಲ್ಲ. ಅಷ್ಟೇಯ."

ಬಸ್ಸು ಬಂತು. ಶಿವಮೂರ್ತಿ ಅಜ್ಜಿಯ ರಟ್ಟೆ ಹಿಡಿದು ಹತ್ತಿಸಿದ. ಗೋವಿಂದಮ್ಮ ಕಿಟಕಿ ಪಕ್ಕ ಕೂತಳು, ಕೆರೆಯ ಕಡೆ ಒಮ್ಮೆ ನೋಡಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಏರಿಯ ಮೇಲೆ ಜನ ಕರಗಿದ್ದರು. ತಿಮ್ಮಯ್ಯ ಒಬ್ಬನೇ ಉಳಿದಿದ್ದ. ಮಗ ಕರೆದುಕೊಂಡು ಹೋಗಿರಲಿಲ್ಲ.

"ಏನಂದ್ಲು ಬಸಮ್ಮಿ?"

"ಇದ್ದುದ್ನೇ ಅಂದ್ಲು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.